ಬರೀ 'ಮನುಷ್ಯ' ಅನ್ನಿಸಿಕೊಂಡ ಒಬ್ಬ ಆಟಗಾರ

ಮೊದಲು ಒಂದು ಲೆಕ್ಕ ಹೇಳಿಬಿಡುತ್ತೇನೆ. 1815 ಮತ್ತು 1815. ಎರಡೂ ಸೇರಿದರೆ 3630.

ಇದು ಸ್ಟ್ಯಾನ್ ಮ್ಯೂಸಿಯಲ್ ಎಂಬ ಬೇಸ್‌ಬಾಲ್ ಆಟಗಾರ ತನ್ನ ಜೀವಮಾನದಲ್ಲಿ ಹೊಡೆದ ಹಿಟ್‌ಗಳ ಸಂಖ್ಯೆ. ಸ್ವಂತ ಊರಿನ ಮೈದಾನದಲ್ಲಿ 1815, ಪರ ಊರುಗಳ ಮೈದಾನಗಳಲ್ಲಿ 1815. 22 ಸೀಸನ್, 3026 ಆಟ ಆಡಿ, ಕೊನೆಗೆ ಕೂಡಿ ಕಳೆದು ನೋಡಿದರೆ ತಕ್ಕಡಿ ಎರಡೂ ಕಡೆ ಸಮ. ಯಾರಾದರೂ ಕಥೆ ಬರೆದು ಹೀಗೆ ಮಾಡಿದ್ದರೆ 'ಸ್ವಲ್ಪ ಜಾಸ್ತಿಯಾಯ್ತು ಕಣಯ್ಯಾ' ಅನ್ನುತ್ತಿದ್ದೆವು. ಆದರೆ ಇದು ಅಪ್ಪಟ ದಾಖಲೆ.

ನಾನು ಸೇಂಟ್ ಲೂಯಿಸ್‌ಗೆ ಕೆಲಸದ ಮೇಲೆ ಬಂದವನು. ಬೇಸ್‌ಬಾಲ್ ಅಂದರೆ 'ನಮ್ಮ ಲಗೋರಿ, ಚಿನ್ನಿದಾಂಡು, ಕ್ರಿಕೆಟ್ಟು ಮೂರನ್ನೂ ಮಿಕ್ಸಿಗೆ ಹಾಕಿದ ಹಾಗೆ' ಅಂತ ಊರಿಗೆ ಫೋನ್ ಮಾಡಿದಾಗ ಹೇಳುತ್ತಿದ್ದೆ. ಆಫೀಸಿನಲ್ಲಿ ನನ್ನ ಪಕ್ಕದ ಕ್ಯೂಬಿಕಲ್ಲಿನಲ್ಲಿ ರಿಟೈರ್ ಆಗಲು ಎರಡು ವರ್ಷ ಉಳಿದಿದ್ದ ಹಿರಿಯರೊಬ್ಬರಿದ್ದರು. ದಕ್ಷಿಣ ಇಲಿನಾಯ್‌ನ ಒಂದು ಸಣ್ಣ ಊರಿನ ರೈತರ ಮಗ. ಅವರ ಮೇಜಿನ ಮೇಲೆ ಹೆಂಡತಿ ಮಕ್ಕಳ ಫೋಟೋ ಜೊತೆಗೆ ಒಂದು ಕಪ್ಪುಬಿಳುಪು ಫೋಟೋ ಇತ್ತು. ಬ್ಯಾಟು ಹಿಡಿದು, ಬೆನ್ನು ಬಾಗಿಸಿ, ಬಲ ಭುಜದ ಮೇಲಿಂದ ಇಣುಕುತ್ತಿರುವ ಒಬ್ಬ ತೆಳ್ಳನೆಯ ಮನುಷ್ಯ. 'ನಿಮ್ಮ ತಂದೆಯಾ?' ಅಂತ ಕೇಳಿದ್ದೆ. ಅವರು ನಕ್ಕು 'ಹೆಚ್ಚುಕಮ್ಮಿ' ಅಂದಿದ್ದರು. ನನ್ನ ಬೇಸ್‌ಬಾಲ್ ಪಾಠ ಶುರುವಾದದ್ದು ಅಲ್ಲಿಂದ.

ಕ್ರಿಕೆಟ್ ಮಾತ್ರ ಗೊತ್ತಿರುವವರಿಗೆ ಒಂದೆರಡು ಮಾತು. ಬೇಸ್‌ಬಾಲಿನಲ್ಲಿ ಬ್ಯಾಟು ಹಿಡಿದವನಿಗೆ ಸೋಲೇ ಮಾಮೂಲು. ಚೆಂಡನ್ನು ಹೊಡೆದು, ಔಟಾಗದೆ ಮೊದಲನೇ ಬೇಸ್ ಮುಟ್ಟಿದರೆ ಅದು ಹಿಟ್. ಎರಡನೇ ಬೇಸ್ ಮುಟ್ಟಿದರೆ ಡಬಲ್, ಮೂರನೆಯದಕ್ಕೆ ಟ್ರಿಪಲ್, ಪೂರ್ತಿ ಸುತ್ತಿ ಬಂದರೆ ಹೋಂ ರನ್. ಹತ್ತು ಸಲಕ್ಕೆ ಮೂರು ಸಲ ಹಿಟ್ ಮಾಡಿದವನನ್ನು ಇಲ್ಲಿ ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಏಳು ಸಲ ಪೆವಿಲಿಯನ್ನಿಗೆ ತಲೆತಗ್ಗಿಸಿ ಬಂದರೂ ನೀನು ದೊಡ್ಡ ಮನುಷ್ಯ! ಮ್ಯೂಸಿಯಲ್ 22 ಸೀಸನ್ನಿನ ಸರಾಸರಿ .331. ಅಂದರೆ ಸಾವಿರಕ್ಕೆ 331. ಅದರ ಮೇಲೆ 725 ಡಬಲ್, 177 ಟ್ರಿಪಲ್, 475 ಹೋಂ ರನ್. ಏಳು ಸಲ ಲೀಗಿನ ಬ್ಯಾಟಿಂಗ್ ಚಾಂಪಿಯನ್. ಮೂರು ಸಲ, 1943, 1946 ಮತ್ತು 1948ರಲ್ಲಿ, ಅತ್ಯಮೂಲ್ಯ ಆಟಗಾರ ಪ್ರಶಸ್ತಿ. ನಾಲ್ಕು ಸಲ ಅದೇ ಪ್ರಶಸ್ತಿಯಲ್ಲಿ ಎರಡನೇ ಸ್ಥಾನ. 1942, 1944, 1946ರಲ್ಲಿ ತಂಡಕ್ಕೆ ವರ್ಲ್ಡ್ ಸೀರೀಸ್. ನಡುವೆ 1945ರಲ್ಲಿ ನೌಕಾದಳದಲ್ಲಿದ್ದು ಒಂದು ಸೀಸನ್ ಪೂರ್ತಿ ಕಳೆದುಕೊಂಡ ಮೇಲೂ ಇಷ್ಟು.

ಇನ್ನೊಂದು ಲೆಕ್ಕ ನನಗೆ ಇವೆಲ್ಲಕ್ಕಿಂತ ಇಷ್ಟ. ಮೂರು ಎಸೆತ ತಪ್ಪಿಸಿಕೊಂಡು ಔಟಾಗುವುದಕ್ಕೆ ಸ್ಟ್ರೈಕ್‌ಔಟ್ ಅನ್ನುತ್ತಾರೆ. ಈಗಿನ ಹೊಡೆಬಡಿ ಆಟಗಾರರಲ್ಲಿ ಒಂದೇ ವರ್ಷಕ್ಕೆ 200 ಸಲ ಹಾಗೆ ಔಟಾದವರಿದ್ದಾರೆ. ಮ್ಯೂಸಿಯಲ್ ಇಡೀ ಜೀವಮಾನದಲ್ಲಿ 696 ಸಲ. ಯಾವ ವರ್ಷವೂ 46 ದಾಟಲಿಲ್ಲ.

ಇಂಥವನ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಬೇಬ್ ರೂತ್ ಗೊತ್ತು. ಮರ್ಲಿನ್ ಮನ್ರೋಳನ್ನು ಮದುವೆಯಾದ ಕಾರಣಕ್ಕಾದರೂ ಜೋ ಡಿಮ್ಯಾಜಿಯೋ ಗೊತ್ತು. ಮ್ಯೂಸಿಯಲ್? ನಮಗೆ ಗೊತ್ತಿಲ್ಲದಿದ್ದರೆ ಬಿಡಿ, ಅಮೆರಿಕದವರಿಗೇ ಮರೆತು ಹೋಗಿತ್ತು. 1999ರಲ್ಲಿ ಶತಮಾನದ ತಂಡ ಆರಿಸಲು ಅಭಿಮಾನಿಗಳಿಂದ ವೋಟು ಹಾಕಿಸಿದರು. ಔಟ್‌ಫೀಲ್ಡರುಗಳ ಪಟ್ಟಿಯಲ್ಲಿ ಮ್ಯೂಸಿಯಲ್‌ಗೆ ಬಂದದ್ದು ಹನ್ನೊಂದನೇ ಸ್ಥಾನ. ತಂಡದಲ್ಲಿ ಜಾಗ ಸಿಗಲಿಲ್ಲ. ಇದು ಸರಿಹೋಗದು ಅಂತ ತಜ್ಞರ ಸಮಿತಿ ಅಭಿಮಾನಿಗಳು ಬಿಟ್ಟಿದ್ದ ಐದು ಹೆಸರುಗಳನ್ನು ಮೇಲಿಂದ ಸೇರಿಸಿತು. ಅದರಲ್ಲಿ ಒಂದು ಇವನದು. ಬಸ್ಸು ಹೊರಟ ಮೇಲೆ ಕಂಡಕ್ಟರು ಸೀಟಿ ಊದಿ ನಿಲ್ಲಿಸಿ ಹತ್ತಿಸಿಕೊಂಡ ಹಾಗೆ.

ಅದೇ ವೋಟಿನಲ್ಲಿ ಸಲೀಸಾಗಿ ಆಯ್ಕೆಯಾದವರಲ್ಲಿ ಕೆನ್ ಗ್ರಿಫಿ ಜೂನಿಯರ್ ಒಬ್ಬ. ಇವನಿಗೂ ಮ್ಯೂಸಿಯಲ್‌ಗೂ ಇರುವ ನಂಟು ಕೇಳಿದರೆ ಮೈ ಜುಂ ಅನ್ನುತ್ತೆ. ಇಬ್ಬರೂ ಹುಟ್ಟಿದ್ದು ಪೆನ್ಸಿಲ್ವೇನಿಯಾದ ಡೊನೋರಾ ಎಂಬ ಪುಟ್ಟ ಊರಿನಲ್ಲಿ. ಇಬ್ಬರೂ ಹುಟ್ಟಿದ್ದು ನವೆಂಬರ್ 21ರಂದು, ಒಬ್ಬ 1920ರಲ್ಲಿ, ಇನ್ನೊಬ್ಬ 1969ರಲ್ಲಿ. ಗ್ರಿಫಿಯ ತಾತ ಬಡ್ಡಿ ಗ್ರಿಫಿ ಮತ್ತು ಮ್ಯೂಸಿಯಲ್ ಒಂದೇ ಹೈಸ್ಕೂಲ್ ತಂಡದಲ್ಲಿ ಆಡಿದವರು.

ಡೊನೋರಾ ಉಕ್ಕಿನ ಊರು, ಸತುವಿನ ಊರು. ಮೊನೊಂಗಹೀಲಾ ನದಿಯ ದಂಡೆಯಲ್ಲಿ ಸಾಲು ಚಿಮಣಿಗಳು. ಮ್ಯೂಸಿಯಲ್‌ನ ತಂದೆ ಪೋಲೆಂಡಿನಿಂದ ವಲಸೆ ಬಂದ ಕಾರ್ಮಿಕ. ಮನೆಯಲ್ಲಿ ಹುಡುಗನನ್ನು ಕರೆಯುತ್ತಿದ್ದದ್ದು 'ಸ್ತಾಶು' ಅಂತ. 1948ರ ಅಕ್ಟೋಬರ್ ಕೊನೆಯಲ್ಲಿ ಆ ಊರಿನ ಮೇಲೆ ಕಾರ್ಖಾನೆಯ ಹೊಗೆ ಮಂಜಿನ ಜೊತೆ ಸೇರಿ ಕಂಬಳಿಯ ಹಾಗೆ ಕವಿದು ಕೂತಿತು. ಇಪ್ಪತ್ತು ಜನ ಸತ್ತರು. ಅಮೆರಿಕದಲ್ಲಿ ಗಾಳಿಯ ಮಾಲಿನ್ಯಕ್ಕೆ ಕಾನೂನು ಬೇಕು ಅನ್ನುವ ಮಾತು ಜೋರಾಗಲು ಕಾರಣವಾದ ದುರಂತಗಳಲ್ಲಿ ಇದೂ ಒಂದು. ಆ ವರ್ಷವೇ ಡೊನೋರಾದ ಮಗ ತನ್ನ ಜೀವನದ ಶ್ರೇಷ್ಠ ಸೀಸನ್ ಆಡಿ ಮುಗಿಸಿದ್ದ.

1948ರ ಆ ಸೀಸನ್ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಸರಾಸರಿ .376. ಹಿಟ್ 230, ಡಬಲ್ 46, ಟ್ರಿಪಲ್ 18, ರನ್ 135. ಎಲ್ಲದರಲ್ಲೂ ಲೀಗಿಗೆ ಮೊದಲು. ಹೋಂ ರನ್ ಮಾತ್ರ 39. ಮೊದಲ ಸ್ಥಾನ ಹಂಚಿಕೊಂಡ ಇಬ್ಬರದು ತಲಾ 40. ಮಳೆ ಬಂದು ರದ್ದಾದ ಆಟವೊಂದರಲ್ಲಿ ಮ್ಯೂಸಿಯಲ್ ಹೊಡೆದಿದ್ದ ಒಂದು ಹೋಂ ರನ್ ಲೆಕ್ಕಕ್ಕೆ ಸೇರದೇ ಹೋಯಿತು. ಒಂದೇ ಒಂದು! ಅದು ಸೇರಿದ್ದರೆ 'ಟ್ರಿಪಲ್ ಕ್ರೌನ್' ಎಂಬ ಕಿರೀಟ ಅವನ ತಲೆಯ ಮೇಲಿರುತ್ತಿತ್ತು, ಆ ಕಿರೀಟವಿದ್ದವರ ಹೆಸರು ಮರೆಯುವುದಿಲ್ಲ.

ಅದೇ ಸೆಪ್ಟೆಂಬರ್ 22ರಂದು ಬಾಸ್ಟನ್‌ನಲ್ಲಿ ಆಟ. ಎರಡೂ ಮಣಿಕಟ್ಟು ನೋವು, ಪಟ್ಟಿ ಸುತ್ತಿದೆ. ಬ್ಯಾಟು ಹಿಡಿಯಲು ಅಡ್ಡಿಯಾಗುತ್ತದೆ ಅಂತ ಪಟ್ಟಿ ಕಿತ್ತೆಸೆದ. ನೋವಿಗೆ ಸುಮ್ಮಸುಮ್ಮನೆ ಬೀಸುವ ಹಾಗಿಲ್ಲವಲ್ಲ, ಬೀಸಿದ್ದು ಐದೇ ಸಲ. ಐದಕ್ಕೆ ಐದು ಹಿಟ್. ನನ್ನ ಹಿರಿಯ ಮಿತ್ರರು ಇದನ್ನು ಹೇಳುವಾಗ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು, ಐದು ಬೆರಳು ತೋರಿಸಿ, ಒಂದು ನಿಮಿಷ ಸುಮ್ಮನಿರುತ್ತಿದ್ದರು.

ಇವನು ಶುರು ಮಾಡಿದ್ದು ಬ್ಯಾಟಿನಿಂದ ಅಲ್ಲ ಅನ್ನುವುದು ಇನ್ನೊಂದು ಸ್ವಾರಸ್ಯ. ಹುಡುಗ ಎಡಗೈ ಪಿಚರ್, ಅಂದರೆ ನಮ್ಮ ಭಾಷೆಯಲ್ಲಿ ಬೌಲರ್. 1940ರಲ್ಲಿ ಫ್ಲಾರಿಡಾದ ಡೇಟೋನಾ ಬೀಚ್‌ನ ಚಿಕ್ಕ ಲೀಗಿನಲ್ಲಿ ಆಡುವಾಗ ಕ್ಯಾಚ್ ಹಿಡಿಯಲು ಹಾರಿ ಎಡ ಭುಜದ ಮೇಲೆ ಬಿದ್ದ. ಎಸೆಯುವ ಕೈ ಹೋಯಿತು. ವಯಸ್ಸು ಇನ್ನೂ 19. ಮದುವೆಯಾಗಿದೆ, ಹೆಂಡತಿ ಲಿಲಿಯನ್ ಬಸುರಿ, ಜೇಬಿನಲ್ಲಿ ಕಾಸಿಲ್ಲ. ಆಗ ಆ ತಂಡದ ಮ್ಯಾನೇಜರ್ ಡಿಕಿ ಕರ್ ಇವರಿಬ್ಬರನ್ನೂ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಎಸೆಯೋಕೆ ಆಗದಿದ್ದರೇನಂತೆ, ನಿನಗೆ ಹೊಡೆಯೋಕೆ ಬರುತ್ತಲ್ಲ ಅಂತ ಧೈರ್ಯ ತುಂಬಿದರು.

ಈ ಡಿಕಿ ಕರ್ ಯಾರು ಗೊತ್ತೇ? 1919ರ ವರ್ಲ್ಡ್ ಸೀರೀಸ್‌ನಲ್ಲಿ ಶಿಕಾಗೋ ತಂಡದ ಆಟಗಾರರು ಜೂಜುಕೋರರಿಂದ ದುಡ್ಡು ತಿಂದು ಬೇಕೆಂದೇ ಸೋತ ಕುಖ್ಯಾತ ಪ್ರಕರಣ ಇದೆಯಲ್ಲ, ಆ ತಂಡದಲ್ಲಿ ದುಡ್ಡು ಮುಟ್ಟದೆ ಆಡಿ ಎರಡು ಆಟ ಗೆದ್ದುಕೊಟ್ಟ ಪಿಚರ್! ಹಿಂದೆ ನಿಂತವರು ಸೋಲಲು ಆಡುತ್ತಿರುವಾಗ ಇವರೊಬ್ಬರು ಗೆಲ್ಲಲು ಆಡಿದರು. ಮ್ಯೂಸಿಯಲ್ ದಂಪತಿ ತಮ್ಮ ಮೊದಲ ಮಗನಿಗೆ ಅವರ ಹೆಸರನ್ನೇ ಇಟ್ಟರು, ರಿಚರ್ಡ್ ಅಂತ. 1958ರಲ್ಲಿ, ಕೈತುಂಬ ಸಂಪಾದಿಸುವ ಕಾಲ ಬಂದ ಮೇಲೆ, ಹ್ಯೂಸ್ಟನ್‌ನಲ್ಲಿ ಕರ್ ದಂಪತಿಗೆ ಒಂದು ಮನೆ ಕೊಡಿಸಿದರು. ಉಂಡ ಮನೆಯ ಋಣ ಅಂತ ನಾವು ಹೇಳುವುದು ಇದಕ್ಕೇ ತಾನೆ?

1941ರ ವಸಂತದಲ್ಲಿ ಕೈ ಹೋದ ಪಿಚರ್ ಆಗಿದ್ದವನು ಸೆಪ್ಟೆಂಬರ್ 17ಕ್ಕೆ ದೊಡ್ಡ ತಂಡದಲ್ಲಿ ಮೊದಲ ಆಟ ಆಡಿದ. ಆ ತಿಂಗಳು 12 ಆಟಗಳಲ್ಲಿ .426. ಆದರೆ ಅದೇ 1941ರಲ್ಲಿ ಡಿಮ್ಯಾಜಿಯೋ ಸತತ 56 ಆಟಗಳಲ್ಲಿ ಹಿಟ್ ಮಾಡಿದ್ದ, ಟೆಡ್ ವಿಲಿಯಮ್ಸ್ ವರ್ಷಪೂರ್ತಿ .406 ಹೊಡೆದಿದ್ದ. ಜನ ಇವತ್ತಿಗೂ ಆ ವರ್ಷವನ್ನು ನೆನೆಯುವುದು ಅವರಿಬ್ಬರ ಹೆಸರಲ್ಲಿ. ಮ್ಯೂಸಿಯಲ್‌ನ ಹಣೆಬರಹ ಅವತ್ತೇ ಬರೆದಾಗಿತ್ತು ಅನ್ನಿಸುತ್ತೆ.

ಯಾಕೆ ಮರೆತರು ಅಂತ ಯೋಚಿಸಿದರೆ ಮೇಲುನೋಟಕ್ಕೆ ಸಿಗುವ ಕಾರಣ ಭೂಗೋಳ. ಡಿಮ್ಯಾಜಿಯೋ ನ್ಯೂಯಾರ್ಕಿನವನು, ಪತ್ರಿಕೆಗಳೆಲ್ಲ ಅಲ್ಲಿ. ವಿಲಿಯಮ್ಸ್ ಬಾಸ್ಟನ್‌ನವನು. ಸೇಂಟ್ ಲೂಯಿಸ್ ಆಗ ದೊಡ್ಡ ಲೀಗುಗಳ ಪಶ್ಚಿಮದ ಗಡಿ. ಇಲ್ಲಿನ ಆಟ ಮಧ್ಯಪಶ್ಚಿಮ, ದಕ್ಷಿಣದ ಹಳ್ಳಿಹಳ್ಳಿಗೆ ತಲುಪುತ್ತಿದ್ದದ್ದು ಕೆಎಂಒಎಕ್ಸ್ ರೇಡಿಯೋದಲ್ಲಿ. ನನ್ನ ಮಿತ್ರರು ಹುಡುಗರಾಗಿದ್ದಾಗ ರಾತ್ರಿ ಜೋಳದ ಹೊಲದ ಪಕ್ಕದ ಮನೆಯ ಜಗಲಿಯಲ್ಲಿ ಅಪ್ಪನ ಜೊತೆ ಕೂತು ಕೇಳಿದ್ದು ಅದನ್ನೇ. ನೋಡಿದವರಿಗಿಂತ ಕೇಳಿದವರೇ ಹೆಚ್ಚು. 1946ರ ನಂತರ ಅವನು ಆಡುವಷ್ಟು ಕಾಲ ತಂಡ ವರ್ಲ್ಡ್ ಸೀರೀಸ್ ತಲುಪಲೂ ಇಲ್ಲ. ಅವನು ನಿವೃತ್ತನಾದ ಮರುವರ್ಷ, 1964ರಲ್ಲಿ, ಗೆದ್ದಿತು!

ಆದರೆ ಭೂಗೋಳ ಅರ್ಧ ಕಾರಣ ಅಷ್ಟೇ. ಉಳಿದರ್ಧ ನಮ್ಮ ಸ್ವಭಾವದಲ್ಲಿದೆ. ನಮಗೆ ಆಟಗಾರನ ಜೊತೆಗೆ ಒಂದು ಗಾಯ ಬೇಕು, ಒಂದು ಜಗಳ ಬೇಕು. ವಿಲಿಯಮ್ಸ್‌ಗೆ ಪತ್ರಕರ್ತರ ಮೇಲೆ ಸಿಟ್ಟು. ಮ್ಯಾಂಟಲ್‌ಗೆ ಕುಡಿತ, ಮುರಿದ ಮಂಡಿ. ಡಿಮ್ಯಾಜಿಯೋಗೆ ಮನ್ರೋ. ಮ್ಯೂಸಿಯಲ್‌ಗೆ? ಊರಿನ ದಿನಸಿ ಅಂಗಡಿಯವರ ಮಗಳ ಜೊತೆ ಎಪ್ಪತ್ತು ವರ್ಷ ಮೀರಿದ ಸಂಸಾರ. 3026 ಆಟಗಳಲ್ಲಿ ಒಂದೇ ಒಂದು ಸಲವೂ ಅಂಪೈರ್ ಇವನನ್ನು ಮೈದಾನದಿಂದ ಹೊರಹಾಕಿಲ್ಲ. ಕೋಟಿನ ಜೇಬಿನಲ್ಲಿ ಮೌತ್ ಆರ್ಗನ್ ಇಟ್ಟುಕೊಂಡು ಕೇಳಿದವರಿಗೆಲ್ಲ ನುಡಿಸುತ್ತಿದ್ದ. ಇದರಲ್ಲಿ ಸಿನಿಮಾ ಮಾಡಲು ಏನಿದೆ ಹೇಳಿ?

ಅಡ್ಡಹೆಸರನ್ನೇ ನೋಡಿ. ಉಳಿದವರಿಗೆಲ್ಲ ಸುಲ್ತಾನ, ಹಡಗು, ಪೀಚ್ ಹಣ್ಣು ಅಂತೆಲ್ಲ ಬಿರುದು. ಇವನಿಗೆ 'ಸ್ಟ್ಯಾನ್ ದಿ ಮ್ಯಾನ್'. ಬರೀ ಮನುಷ್ಯ. ಅದೂ ಸೇಂಟ್ ಲೂಯಿಸ್‌ನವರು ಕೊಟ್ಟದ್ದಲ್ಲ. 1946ರಲ್ಲಿ ಬ್ರೂಕ್ಲಿನ್‌ನಲ್ಲಿ ಆಡುವಾಗ ಎದುರಾಳಿ ಅಭಿಮಾನಿಗಳು ಇವನು ಬ್ಯಾಟು ಹಿಡಿದು ಬಂದಾಗಲೆಲ್ಲ 'ಅಯ್ಯೋ, ಮತ್ತೆ ಬಂದ ಆ ಮನುಷ್ಯ' ಅಂತ ಗೋಳಾಡುತ್ತಿದ್ದರು, ಅದೇ ಹೆಸರಾಯಿತು. ಬ್ರೂಕ್ಲಿನ್‌ನ ಪಿಚರ್ ಕಾರ್ಲ್ ಅರ್ಸ್ಕಿನ್ ಇವನಿಗೆ ಎಸೆಯುವ ಉಪಾಯ ಹೇಳುತ್ತಿದ್ದ: ನನ್ನ ಅತ್ಯುತ್ತಮ ಎಸೆತ ಎಸೆಯುವುದು, ತಕ್ಷಣ ಮೂರನೇ ಬೇಸ್ ಕಾಯಲು ಓಡುವುದು!

ಕನ್ನಡಿಗರಾದ ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ನಮ್ಮ ಜಿ.ಆರ್. ವಿಶ್ವನಾಥ್ ಇಲ್ಲವೇ? ಅವರೂ ಉಕ್ಕಿನ ಊರಿನವರೇ, ಭದ್ರಾವತಿ. ಗವಾಸ್ಕರ್ ಅವರ ದಾಖಲೆ ಬಾಯಿಪಾಠ ಇರುವವರಿಗೂ 1975ರ ಮದ್ರಾಸ್ ಟೆಸ್ಟಿನ ಅಜೇಯ 97 ನೆನಪಿರುವುದಿಲ್ಲ, ಅದಕ್ಕೆ ಮೂರು ರನ್ ಕಮ್ಮಿ ನೋಡಿ. 1980ರ ಮುಂಬಯಿ ಜುಬಿಲಿ ಟೆಸ್ಟಿನಲ್ಲಿ ಅಂಪೈರ್ ಔಟ್ ಕೊಟ್ಟ ಬಾಬ್ ಟೇಲರ್‌ನನ್ನು, ಔಟಲ್ಲ ಅಂತ ವಾಪಸು ಕರೆದರು ವಿಶಿ. ಪಂದ್ಯ ಸೋತೆವು. ಆ ಸೋಲಿನ ಬಗ್ಗೆ ಮಾತಾಡುವಾಗ ನಮ್ಮ ಮನೆಯಲ್ಲಿ ಯಾರೂ ಬೇಜಾರು ಮಾಡಿಕೊಂಡದ್ದು ನಾನು ನೋಡಿಲ್ಲ. ಮ್ಯೂಸಿಯಲ್ ಫೋಟೋ ನೋಡಿದಾಗ ನನಗೆ ಆ ಜಾತಿಯ ಮನುಷ್ಯ ಅನ್ನಿಸುತ್ತದೆ.

ಇಲ್ಲಿ ಒಂದು ಕಷ್ಟದ ಪ್ರಶ್ನೆಯನ್ನೂ ಎತ್ತಬೇಕು. ಅಭಿಮಾನಿ ಅಂದಮಾತ್ರಕ್ಕೆ ಅದನ್ನು ದಾಟಿ ಹೋಗುವುದು ಸರಿಯಲ್ಲ. 1947ರಲ್ಲಿ ಜ್ಯಾಕಿ ರಾಬಿನ್‌ಸನ್ ಬಂದಾಗ, ಕಪ್ಪು ಆಟಗಾರನ ಎದುರು ಆಡುವುದಿಲ್ಲ ಅಂತ ಸೇಂಟ್ ಲೂಯಿಸ್ ತಂಡದವರು ಮುಷ್ಕರ ಹೂಡಲಿದ್ದಾರೆ ಎಂದು ನ್ಯೂಯಾರ್ಕಿನ ಪತ್ರಿಕೆಯೊಂದು ಬರೆಯಿತು. ಆಟಗಾರರು ಅಲ್ಲಗಳೆದರು. ಮುಷ್ಕರ ನಡೆಯಲಿಲ್ಲ. ಈ ಊರಿನ ಮೈದಾನ 1944ರವರೆಗೂ ಕಪ್ಪು ಜನರನ್ನು ಬೇರೆ ಕೂರಿಸುತ್ತಿದ್ದ ಜಾಗ ಅನ್ನುವುದನ್ನು ನೆನಪಿಡಿ. ಅಪೆಂಡಿಸೈಟಿಸ್‌ನಿಂದ ನರಳುತ್ತಿದ್ದ ಮ್ಯೂಸಿಯಲ್ ಯಾವ ಭಾಷಣವನ್ನೂ ಮಾಡಲಿಲ್ಲ. ಅವನಿಗೆ ಇದು ದೊಡ್ಡ ವಿಷಯವೇ ಆಗಿರಲಿಲ್ಲ, ಬಡ್ಡಿ ಗ್ರಿಫಿ ಜೊತೆ ಹೈಸ್ಕೂಲಿನಲ್ಲೇ ಆಡಿದವನು. ಐವತ್ತರ ದಶಕದ ಒಂದು ಆಲ್‌ಸ್ಟಾರ್ ಆಟದ ಸಮಯ, ಕಪ್ಪು ಆಟಗಾರರು ಡ್ರೆಸ್ಸಿಂಗ್ ರೂಮಿನ ಮೂಲೆಯಲ್ಲಿ ತಾವು ತಾವೇ ಇಸ್ಪೀಟು ಆಡುತ್ತಿದ್ದಾಗ ಮ್ಯೂಸಿಯಲ್ ಹೋಗಿ ಕುರ್ಚಿ ಎಳೆದುಕೊಂಡು 'ನನಗೂ ಎಲೆ ಹಾಕ್ರಪ್ಪಾ' ಅಂದನಂತೆ. ಅಲ್ಲಿದ್ದವರು ವಯಸ್ಸಾದ ಮೇಲೂ ಅದನ್ನು ಹೇಳಿಕೊಳ್ಳುತ್ತಿದ್ದರು.

ಇಷ್ಟು ಸಾಕೇ? ಲೀಗಿನ ಅತಿ ದೊಡ್ಡ ಬಿಳಿ ಆಟಗಾರ ಒಂದು ಮಾತು ಗಟ್ಟಿಯಾಗಿ ಆಡಿದ್ದರೆ ಎಷ್ಟು ಜನರಿಗೆ ಬಲ ಬರುತ್ತಿತ್ತು ಅಂತ ನನಗೂ ಅನ್ನಿಸುತ್ತದೆ. ಈ ಮಾತನ್ನು ಮಿತ್ರರ ಹತ್ತಿರ ಕೇಳಿದೆ. ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, 'ನಮ್ಮೂರಲ್ಲಿ ಆಗ ಕುರ್ಚಿ ಎಳೆದುಕೊಳ್ಳುವವರೂ ಇರಲಿಲ್ಲ' ಅಂದರು. ಅದು ಸಮಜಾಯಿಷಿ ಅಲ್ಲ, ಆದರೆ ಸುಳ್ಳೂ ಅಲ್ಲ. ಸಜ್ಜನಿಕೆಗೆ ಒಂದು ಮಿತಿಯಿದೆ, ಅದು ಪಕ್ಕದಲ್ಲಿರುವವರನ್ನು ಮಾತ್ರ ಮುಟ್ಟುತ್ತದೆ. ಮುಟ್ಟಿದವರು ಮಾತ್ರ ಅದನ್ನು ಮರೆಯುವುದಿಲ್ಲ.

ಹಾಗೆ ಮುಟ್ಟಿಸಿಕೊಂಡ ಒಬ್ಬ ಹುಡುಗನ ಕಥೆ ಹೇಳಲೇಬೇಕು. 1954ರ ಮೇ 2, ಭಾನುವಾರ. ಒಂದೇ ದಿನ ಎರಡು ಆಟ. ಮ್ಯೂಸಿಯಲ್ ಮೊದಲ ಆಟದಲ್ಲಿ ಮೂರು, ಎರಡನೆಯದರಲ್ಲಿ ಎರಡು, ಒಟ್ಟು ಐದು ಹೋಂ ರನ್ ಹೊಡೆದ. ಅದಕ್ಕೆ ಮೊದಲು ಯಾರೂ ಮಾಡಿರಲಿಲ್ಲ. ಅವತ್ತು ಪ್ರೇಕ್ಷಕರ ಮಧ್ಯೆ ಎಂಟು ವರ್ಷದ ಒಬ್ಬ ಕಪ್ಪು ಹುಡುಗನಿದ್ದ, ನೇಟ್ ಕೋಲ್ಬರ್ಟ್ ಅಂತ. 1972ರಲ್ಲಿ ಆ ದಾಖಲೆಯನ್ನು ಸರಿಗಟ್ಟಿದ್ದು ಅದೇ ನೇಟ್ ಕೋಲ್ಬರ್ಟ್, ಸ್ಯಾನ್ ಡಿಯೇಗೋ ತಂಡಕ್ಕಾಗಿ!

1958ರ ಮೇ 13ರಂದು ಶಿಕಾಗೋದಲ್ಲಿ ಬದಲಿ ಆಟಗಾರನಾಗಿ ಬಂದು ಮೂರು ಸಾವಿರದ ಹಿಟ್ ಹೊಡೆದ. ತಂಡ ರೈಲಿನಲ್ಲಿ ಊರಿಗೆ ವಾಪಸಾಗುವಾಗ ದಾರಿಯ ಸ್ಟೇಷನ್ನುಗಳಲ್ಲಿ ಜನವೋ ಜನ. ಸೇಂಟ್ ಲೂಯಿಸ್ ಯೂನಿಯನ್ ಸ್ಟೇಷನ್ನಿನಲ್ಲಿ ರಾತ್ರಿ ಹೊತ್ತಿನಲ್ಲಿ ಮಕ್ಕಳೂ ಕಾದಿದ್ದರು. ಮ್ಯೂಸಿಯಲ್ ಅವರಿಗೆ 'ನಾಳೆ ಸ್ಕೂಲಿಗೆ ರಜ' ಅಂತ ಘೋಷಿಸಿಬಿಟ್ಟ. ನಮ್ಮ ಮಿತ್ರರು ಅದನ್ನು ರೇಡಿಯೋದ ಸುದ್ದಿಯಾಗಿ ಕೇಳಿ, ಮರುದಿನ ಅಪ್ಪನ ಹತ್ತಿರ ವಾದ ಮಾಡಿದ್ದರಂತೆ. ಅಪ್ಪ ಒಪ್ಪಲಿಲ್ಲವಂತೆ.

ಮರುವರ್ಷ ಆಟ ಕೈಕೊಟ್ಟಿತು. 1959ರಲ್ಲಿ ಸರಾಸರಿ .255. ಎಲ್ಲರೂ ಮುಗಿಯಿತು ಅಂದರು. ಆಗ ತಾನೇ ಹೋಗಿ ನನ್ನ ಸಂಬಳ ಕಡಿಮೆ ಮಾಡಿ ಅಂದ. ಅಪ್ರೈಸಲ್ ಸಮಯದಲ್ಲಿ ಈ ಮಾತನ್ನು ಯಾರಾದರೂ ಬಾಸ್ ಮುಂದೆ ಹೇಳಿ ನೋಡೋಣ! 1962ರಲ್ಲಿ, 41ರ ವಯಸ್ಸಿನಲ್ಲಿ, ಮತ್ತೆ .330 ಹೊಡೆದ. 1963ರ ಸೆಪ್ಟೆಂಬರ್ 29ರಂದು ಕೊನೆಯ ಆಟ. 1941ರ ಮೊದಲ ಆಟದಲ್ಲಿ ಎರಡು ಹಿಟ್ ಇತ್ತು, ಕೊನೆಯದರಲ್ಲೂ ಎರಡೇ. 22 ಸೀಸನ್ನಿನಲ್ಲಿ ಏನೂ ಸುಧಾರಿಸಲಿಲ್ಲ ಅಂತ ಇಲ್ಲಿನವರ ಹಳೇ ಜೋಕು. ಅವತ್ತು ಎದುರಾಳಿ ತಂಡದಲ್ಲಿ ಎರಡನೇ ಬೇಸ್ ಕಾಯುತ್ತಿದ್ದ ಹೊಸ ಹುಡುಗನ ಹೆಸರು ಪೀಟ್ ರೋಸ್. 1981ರಲ್ಲಿ ನ್ಯಾಷನಲ್ ಲೀಗಿನ ಹಿಟ್ ದಾಖಲೆಯನ್ನು ಮ್ಯೂಸಿಯಲ್‌ನಿಂದ ಕಿತ್ತುಕೊಂಡದ್ದು ಅವನೇ. ಅದನ್ನು ನೋಡಿ ಕೈ ಕುಲುಕಲು ಫಿಲಡೆಲ್ಫಿಯಾಕ್ಕೆ ಸ್ವತಃ ಮ್ಯೂಸಿಯಲ್ ಹೋಗಿದ್ದರು.

2011ರಲ್ಲಿ ಒಬಾಮ ಇವರ ಕೊರಳಿಗೆ ದೇಶದ ಅತ್ಯುನ್ನತ ನಾಗರಿಕ ಪದಕ ಹಾಕಿದರು. 2012ರಲ್ಲಿ ಲಿಲಿಯನ್ ತೀರಿಕೊಂಡರು, 2013ರ ಜನವರಿ 19ರಂದು ಇವರು. ಮಿಸಿಸಿಪ್ಪಿಗೆ ಕಟ್ಟಿ 2014ರಲ್ಲಿ ತೆರೆದ ಹೊಸ ಸೇತುವೆಗೆ ಇವರ ಹೆಸರಿಟ್ಟರು. ಇದೇ ತಂಡಕ್ಕೆ ಆಡಿ ಮಹಾನ್ ಅನ್ನಿಸಿಕೊಂಡ ಆಲ್ಬರ್ಟ್ ಪೂಹೋಲ್ಸ್‌ಗೆ ಸ್ಪಾನಿಷ್ ಭಾಷೆಯಲ್ಲಿ 'ಮನುಷ್ಯ' ಅನ್ನುವ ಬಿರುದು ಅಂಟಿಸಲು ನೋಡಿದಾಗ ಆತ ಬೇಡವೆಂದ. ಈ ಊರಿನಲ್ಲಿ ಆ ಹೆಸರಿನವರು ಒಬ್ಬರೇ ಅಂದ. ನನಗೆ ಇದು ಯಾವ ಪದಕಕ್ಕಿಂತ ಕಮ್ಮಿ ಅಲ್ಲ.

ಮಿತ್ರರು ರಿಟೈರ್ ಆಗಿ ಮೇಜು ಖಾಲಿ ಮಾಡಿದಾಗ ಆ ಫೋಟೋವನ್ನು ತೆಗೆದುಕೊಂಡು ಹೋದರು. ನನಗೆ ಕೊಡಬಹುದು ಅಂತ ಒಳಗೊಳಗೇ ಆಸೆಯಿತ್ತು, ಕೊಡಲಿಲ್ಲ! ಅಷ್ಟು ಸುಲಭಕ್ಕೆ ಕೊಡುವಂಥದ್ದಲ್ಲ ಬಿಡಿ. ಕ್ರೀಡಾಂಗಣದ ಹೊರಗೆ 1968ರಲ್ಲಿ ನಿಲ್ಲಿಸಿದ ಮ್ಯೂಸಿಯಲ್ ಪ್ರತಿಮೆ ಇದೆ. ಅದು ತನ್ನ ಹಾಗೆ ಇಲ್ಲವೆಂದು ಸ್ವತಃ ಅವರಿಗೇ ಇಷ್ಟವಿರಲಿಲ್ಲವಂತೆ. ಆದರೂ ಇವತ್ತಿಗೂ ಊರಿನವರು ಆಟಕ್ಕೆ ಹೋಗುವಾಗ 'ಸ್ಟ್ಯಾನ್ ಹತ್ತಿರ ಸಿಗೋಣ' ಅಂತಲೇ ಹೇಳುವುದು. ಶತಮಾನದ ವೋಟಿನಲ್ಲಿ ಹನ್ನೊಂದನೆಯವರಾದರೆ ಏನಂತೆ, ಜನ ಒಬ್ಬರಿಗೊಬ್ಬರು ಸಿಗುವ ಜಾಗವಾಗುವುದು ಎಷ್ಟು ಜನರಿಗೆ ಸಾಧ್ಯ?

ನಿಮ್ಮ ಕಡೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಕಬಡ್ಡಿಯವರಿರಲಿ, ತಾಲೂಕು ಮಟ್ಟದ ವಾಲಿಬಾಲಿನವರಿರಲಿ, ನೆನಪಾದರೆ ಬರೆಯಿರಿ. ಓದಲು ನಾನಂತೂ ಕಾದಿರುತ್ತೇನೆ.